ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಹರಟೆ ಉಳಿಸಿಕೊಳ್ಳುವುದು ಹೇಗೆ?

ಕಲಬುರಗಿಯ ಮೇ ತಿಂಗಳು ಹೇಗಿರುತ್ತದೆ ಅಂತ ಇಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಅಂಥ ಒಂದು ದಿನ, ಪುಣೆಯಲ್ಲಿರುವ ಗೆಳೆಯ ನಮ್ಮ ಗುಂಪಿಗೆ ಒಂದು ಸಾಲು ಹಾಕಿದ. ಆಮೇಲೆ ನಡೆದ ಮಾತು ಇದು (ಗೆಳೆಯರ ಹೆಸರಿನ ಬದಲು ಅವರಿರುವ ಊರು ಹಾಕಿದ್ದೇನೆ; ಟಾಕಿ ಅಂದರೆ ನೀರಿನ ಟ್ಯಾಂಕು):

ಪುಣೆ: ಊರಾಗ್ ಬಿಸಲ್ ಹ್ಯಾಂಗದ ಲೇ?

ನಾನು: ಕೇಳ್‌ಬ್ಯಾಡ. ಮುಂಜಾನಿ ಹತ್ತಕ್ಕ ನಳ ತಿರುವಿದ್ರ ಟಾಕಿ ನೀರು ಕೈ ಸುಡ್ಲಕತ್ತದ. ಇದ್ರಾಗೇ ಚಾಪುಡಿ ಹಾಕ್ಲೇನು ಅಂತಾಳ ನಮ್ಮವ್ವ.

ರಿಯಾದ್: ಇಲ್ಲಿ ಭಿ ಅದೇ ಹಾಲತ್. ರಾತ್ರಿನೇ ಬಕೀಟ್ ತುಂಬಿ ಇಡ್ತೀನಿ, ಮುಂಜಾನಿ ಝಳಕಕ್ಕ.

ಸೇಡಂ: ಅವ್ವಗ ಹೇಳು, ಟಾಕಿ ಮ್ಯಾಲ ಗೋಣಿಚೀಲ ತೊಯ್ಸಿ ಹೊಚ್ಚು ಅಂತ.

ಪುಣೆ: ಹಾಸ್ಟೆಲ್ ಟಾಕಿ ನೆನಪದ ಏನು?

ಅಷ್ಟೇ. ಹಾಸ್ಟೆಲ್ ಟಾಕಿ ಎಂದದ್ದೇ ತಡ, ಸಂಜೆಯವರೆಗೆ ಮಾತು ನಿಲ್ಲಲಿಲ್ಲ. ಅದಕ್ಕಿಂತ ಮೊದಲು ಒಂದೂವರೆ ವರ್ಷ ಆ ಗುಂಪಿನಲ್ಲಿ ಬರುತ್ತಿದ್ದದ್ದು ಶುಭೋದಯದ ಹೂವಿನ ಚಿತ್ರ, ಹುಟ್ಟುಹಬ್ಬದ ಕೇಕು, ಯಾರಾದರೂ ತೀರಿಕೊಂಡರೆ ಕೈಮುಗಿದ ಚಿಹ್ನೆ. ನಾವು ಹನ್ನೊಂದು ಜನ, ಪಿಯುಸಿಯಲ್ಲಿ ಹಿಂದೆ ಮುಂದೆ ಬೆಂಚಿನಲ್ಲಿ ಕೂತವರು. ಈಗ ಊರಲ್ಲಿ ಇರುವವರು ಮೂವರೇ. ಉಳಿದವರು ಸೇಡಂ, ಪುಣೆ, ಹೈದರಾಬಾದ್, ಬೆಂಗಳೂರು, ರಿಯಾದ್ ಅಂತ ಹಂಚಿಹೋಗಿದ್ದಾರೆ.

ಆ ಟಾಕಿಯ ದಿನದಿಂದ ಈಚೆಗೆ ಮೂರು ವರ್ಷವಾಯಿತು. ಗುಂಪಿನಲ್ಲಿ ಮಾತಿಲ್ಲದ ದಿನ ಅಪರೂಪ. ಅದು ತಾನಾಗಿ ಆಗಲಿಲ್ಲ, ಒಂದಷ್ಟು ಕೆಲಸ ಮಾಡಬೇಕಾಯಿತು. ನಮ್ಮ ಗುಂಪಿನ ಹಾಗೆ ನಿಮ್ಮದೂ ತಣ್ಣಗಾಗಿದ್ದರೆ, ನಾವು ಮಾಡಿದ್ದನ್ನು ನೀವೂ ಮಾಡಿ ನೋಡಬಹುದು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗೆಳೆಯರು ದೂರವಾಗುವುದು ಹೆಚ್ಚಾಗಿ ಜಗಳದಿಂದ ಅಲ್ಲ. "ಇದನ್ನೇನು ಹೇಳೋದು, ಸಣ್ಣ ವಿಷಯ" ಅಂತ ಸುಮ್ಮನಿರುವುದರಿಂದ. ಕೆಳಗೆ ಬರೆದಿರುವುದೆಲ್ಲ ಆ ಸಣ್ಣ ವಿಷಯಕ್ಕೆ ಜಾಗ ಮಾಡಿಕೊಡುವ ದಾರಿ.

ಮೊದಲು: ಗುಂಪು ಚಿಕ್ಕದಿರಲಿ

ವಾಟ್ಸಾಪ್ ಗುಂಪಿನಲ್ಲಿ 1024 ಜನರವರೆಗೆ ಸೇರಿಸಬಹುದು. ಹರಟೆಗೆ ಅಷ್ಟು ಬೇಡ. ಎಂಟರಿಂದ ಹದಿನೈದು ಜನ ಸಾಕು. ಬ್ಯಾಚಿನ ಎಲ್ಲರೂ ಇರುವ ದೊಡ್ಡ ಗುಂಪು ಇದ್ದರೆ ಇರಲಿ. ಮದುವೆ ಕರೆಯೋಲೆ, ಪುನರ್ಮಿಲನದ ಸುದ್ದಿಗೆ ಅದು ಒಳ್ಳೆಯದೇ. ಆದರೆ ನೂರು ಜನ ಓದುವ ಕಡೆ ಯಾರೂ "ನಮ್ಮಪ್ಪಂದು ಶುಗರ್ ಏರ್ಯದ" ಅಂತ ಬರೆಯುವುದಿಲ್ಲ.

ಸೇರಿಸುವ ಮೊದಲು ಆ ವ್ಯಕ್ತಿಗೆ ಬೇರೆಯಾಗಿ ಒಂದು ಮೆಸೇಜ್ ಹಾಕಿ ಕೇಳಿ. ಗುಂಪಿಗೆ ಸೇರಿದ ಕೂಡಲೇ ಅವರ ನಂಬರ್ ಉಳಿದ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳಿಗೆ ಇದು ಸಣ್ಣ ವಿಷಯ ಅಲ್ಲ. ನಮ್ಮ ಸೇಡಂ ಗೆಳತಿ ಶಾಲೆಯಲ್ಲಿ ಟೀಚರ್. ಹಿಂದೆ ಒಂದು ದೊಡ್ಡ ಗುಂಪಿಗೆ ಯಾರೋ ಕೇಳದೆ ಸೇರಿಸಿ, ಗುರುತಿಲ್ಲದವರಿಂದ ರಾತ್ರಿ ಹೊತ್ತು ಮೆಸೇಜ್ ಬಂದು ಆಕೆ ಬೇಸತ್ತಿದ್ದಳು. ನಮ್ಮ ಗುಂಪಿಗೆ ಬರುವ ಮೊದಲು ಯಾರ್‍ಯಾರು ಇದ್ದಾರೆ ಅಂತ ಪಟ್ಟಿ ಕೇಳಿದಳು. ಕೊಟ್ಟೆ. ಎರಡು ದಿನ ಯೋಚಿಸಿ ಬಂದಳು. ನಿಮ್ಮನ್ನು ಯಾರು ಗುಂಪಿಗೆ ಸೇರಿಸಬಹುದು ಅನ್ನುವುದನ್ನು ಸೆಟ್ಟಿಂಗ್ಸ್‌ನ ಪ್ರೈವಸಿಯಲ್ಲಿ ನೀವೇ ಗೊತ್ತುಮಾಡಬಹುದು. ಅದನ್ನು ಇವತ್ತೇ ನೋಡಿಕೊಳ್ಳಿ.

ಆಮೇಲೆ: ಫಾರ್ವರ್ಡ್‌ಗಳನ್ನು ಹೊರಗೆ ಕಳಿಸಿ

ಗೆಳೆಯರ ಮಾತನ್ನು ಕೊಲ್ಲುವುದು ಫಾರ್ವರ್ಡ್. ನಾನು ನೋಡಿದ ಮಟ್ಟಿಗೆ ಬೇರೆ ಯಾವ ಕಾರಣವೂ ಇದರ ಹತ್ತಿರ ಬರುವುದಿಲ್ಲ. ಒಬ್ಬಳು "ಇವತ್ತು ಮಗನಿಗೆ ಮೊದಲ ದಿನ ಶಾಲೆ" ಅಂತ ಬರೆದಿರುತ್ತಾಳೆ. ಅದರ ಕೆಳಗೆ ಐದು ಫಾರ್ವರ್ಡ್ ವಿಡಿಯೊ ಬಂದರೆ ಆ ಸಾಲು ಮೇಲೆ ಹೋಗಿ ಮುಚ್ಚಿಹೋಗುತ್ತದೆ. ಆಕೆ ಮತ್ತೆ ಬರೆಯುವುದಿಲ್ಲ.

ಮೆಸೇಜಿನ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಕೈಯಿಂದ ಕೈಗೆ ಬಹಳ ಸಲ ದಾಟಿ ಬಂದದ್ದು ಅಂತ ಅರ್ಥ. ಅಂಥದ್ದನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಲು ವಾಟ್ಸಾಪ್ 2020ರಿಂದ ಬಿಡುತ್ತಿದೆ. ಗಾಳಿಸುದ್ದಿ ಹರಡುವುದು ಕಡಿಮೆಯಾಗಲಿ ಅಂತ. ಆ ಗುರುತು ಕಂಡರೆ ನೀವು ಮುಂದೆ ಕಳಿಸಬೇಡಿ. ಜಾತಿ, ಧರ್ಮ, ಪಕ್ಷದ ವಿಷಯ ಇದ್ದರಂತೂ ಖಂಡಿತ ಬೇಡ. ಶರಣಬಸವೇಶ್ವರರ ಗುಡಿ ಮತ್ತು ಬಂದೇ ನವಾಜರ ದರ್ಗಾ ಎರಡಕ್ಕೂ ಹೋಗಿ ಬೆಳೆದ ಊರಿನವರು ನಾವು. ನಮ್ಮ ಬೆಂಚಿನಲ್ಲಿ ಎಲ್ಲ ಮನೆಯ ಮಕ್ಕಳೂ ಇದ್ದರು. ಎಲ್ಲಿಯದೋ ಒಂದು ವಿಡಿಯೊಗಾಗಿ ಅವರಲ್ಲಿ ಒಬ್ಬರ ಮನಸ್ಸು ಮುರಿಯುವುದು ನನಗೆ ಬೇಡ.

ಫಾರ್ವರ್ಡ್ ಹಾಕುವವರಿಗೆ ಗುಂಪಿನಲ್ಲೇ ಹೇಳಬೇಡಿ. ನಾಲ್ಕು ಜನರ ಮುಂದೆ ಹೇಳಿದರೆ ಯಾರಿಗಾದರೂ ಅವಮಾನ ಆಗುತ್ತದೆ. ಬೇರೆಯಾಗಿ ಫೋನ್ ಮಾಡಿ. ನಮ್ಮಲ್ಲಿ ಒಬ್ಬ ದಿನಕ್ಕೆ ಹತ್ತು ಹಾಕುತ್ತಿದ್ದ. ನಾನು ಅವನಿಗೆ ಹೇಳಿದ್ದು ಇಷ್ಟೇ: "ದೋಸ್ತ, ನೀ ಏನ್ ಉಂಡಿ, ಅಂಗಡ್ಯಾಗ್ ಏನ್ ನಡದದ ಅದು ಹೇಳು. ನಮಗ ನಿನ್ ಮಾತು ಬೇಕು." ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ ಅಂಗಡಿ ಮಾತು ಯಾರ್ ಕೇಳ್ತಾರ?" ಅಂದ. ಅವನು ಇಷ್ಟು ದಿನ ಫಾರ್ವರ್ಡ್ ಹಾಕುತ್ತಿದ್ದದ್ದು ಯಾಕೆ ಅಂತ ನನಗೆ ಆಗ ಗೊತ್ತಾಯಿತು. ಅವನದು ಕಾಳಿನ ವ್ಯಾಪಾರ. ಈಗ ಡಿಸೆಂಬರ್, ಜನವರಿಯಲ್ಲಿ ಹೊಸ ತೊಗರಿ ಬರುವ ಹೊತ್ತಿಗೆ ಅವನ ಮೆಸೇಜಿಗೆ ಕಾಯುವವರೇ ಜಾಸ್ತಿ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದ್ದನ್ನು ಅವನಿಗಿಂತ ಹೆಮ್ಮೆಯಿಂದ ಹೇಳುವವರನ್ನು ನಾನು ನೋಡಿಲ್ಲ.

ಮಾತು ಶುರು ಮಾಡುವುದು

ಎಲ್ಲರೂ ಎಡವುವುದು ಇಲ್ಲೇ. "ಎಲ್ಲರೂ ಹೇಗಿದ್ದೀರಿ?" ಅಂತ ಕೇಳಿದರೆ ಯಾರೂ ಉತ್ತರ ಕೊಡುವುದಿಲ್ಲ. ಹನ್ನೊಂದು ಜನರಿಗೆ ಕೇಳಿದ ಪ್ರಶ್ನೆ ಯಾರಿಗೂ ಕೇಳದ ಹಾಗೆ. "ಏನ್ ವಿಶೇಷ?" ಅಂದರೆ ಇನ್ನೂ ಕಷ್ಟ. ದಿನಾ ಎದ್ದು ಕೆಲಸಕ್ಕೆ ಹೋಗಿ ಬರುವವರ ಬಳಿ ವಿಶೇಷ ಎಲ್ಲಿಂದ ಬರಬೇಕು? "ಏನಿಲ್ಲ" ಅಂತಾರೆ. ಮಾತು ಮುಗಿಯಿತು.

ಹೀಗೆ ಮಾಡಿ. ಪ್ರಶ್ನೆ ಕೇಳುವ ಮೊದಲು ನಿಮ್ಮದೊಂದು ಸಣ್ಣ ಸಂಗತಿ ಹೇಳಿ. ಇವತ್ತು ಕಣ್ಣಿಗೆ ಬಿದ್ದದ್ದು, ನಾಲಿಗೆಗೆ ಸಿಕ್ಕಿದ್ದು, ಕಿವಿಗೆ ಬಿದ್ದದ್ದು. ಜೊತೆಗೆ ಒಂದು ಗುರುತು ಇರಲಿ: ಜಾಗ, ಹೊತ್ತು, ಬೆಲೆ, ಬಣ್ಣ, ಏನಾದರೂ. "ನಾಷ್ಟಾ ಆಯ್ತು" ಅನ್ನುವುದಕ್ಕೂ, "ಸೂಪರ್ ಮಾರ್ಕೆಟ್ ಕಡಿ ಹೋಗಿದ್ದ ನಾ, ಸುಸಲಾ ತಿಂದ. ಮಿರ್ಚಿ ಎಷ್ಟ್ ಖಾರ ಅಂದ್ರ ಕಣ್ಣಾಗ್ ನೀರು" ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಎರಡನೆಯದನ್ನು ಓದಿದ ಬೆಂಗಳೂರಿನವನಿಗೆ ಸುಮ್ಮನಿರಲು ಆಗುವುದಿಲ್ಲ. ಅಲ್ಲಿ ಮಂಡಕ್ಕಿ ಎಲ್ಲಿ ಬೇಕಾದರೂ ಸಿಗುತ್ತದೆ, ಆದರೆ ಬೆಳಿಗ್ಗೆ ಎದ್ದು ನಮ್ಮ ಕಡೆಯ ಸುಸಲಾ, ಅಂದರೆ ನೆನೆಸಿದ ಮಂಡಕ್ಕಿಯ ಒಗ್ಗರಣೆ, ತಿನ್ನಬೇಕು ಅಂದರೆ ಹುಡುಕಬೇಕು.

ಪ್ರಶ್ನೆ ಕೇಳುವುದಾದರೆ ಒಬ್ಬರಿಗೆ ಕೇಳಿ, ಹೆಸರು ಹಿಡಿದು ಕೇಳಿ, ಒಂದೇ ಸಾಲಿನಲ್ಲಿ ಉತ್ತರ ಕೊಡಲು ಬರುವಂಥದ್ದನ್ನು ಕೇಳಿ. "ಮಗಳ ಹಲ್ಲು ಬಿತ್ತೇನು?" "ಗಾಡಿ ಸರ್ವಿಸಿಂಗ್ ಬಿಟ್ಟಿದ್ದೆಲ್ಲ, ಎಷ್ಟ್ ತಗೊಂಡ್ರು?" ಇಂಥದ್ದು. ಹೋದ ವಾರ ಅವರೇ ಹೇಳಿದ ಮಾತನ್ನು ಹಿಡಿದು ಕೇಳಿದರೆ ಇನ್ನೂ ಒಳ್ಳೆಯದು. ನಾನು ಹೇಳಿದ್ದು ಒಬ್ಬರಿಗೆ ನೆನಪಿದೆ ಅನ್ನುವುದು ದೊಡ್ಡ ಸಮಾಧಾನ.

ಫೋಟೊ ಹಾಕಿ, ಆದರೆ ನೀವೇ ತೆಗೆದದ್ದು ಹಾಕಿ. ಚೆನ್ನಾಗಿ ಬಂದಿರಬೇಕು ಅಂತೇನಿಲ್ಲ. ನಮ್ಮೂರಿನ ಅಪ್ಪನ ಕೆರೆಯ ದಂಡೆಯಲ್ಲಿ ಸಂಜೆ ತೆಗೆದ ಮಸುಕು ಚಿತ್ರಕ್ಕೆ ನಮ್ಮ ಗುಂಪಿನಲ್ಲಿ ಬಂದಷ್ಟು ಉತ್ತರ ಯಾವ ಹೂವಿನ ಚಿತ್ರಕ್ಕೂ ಬಂದಿಲ್ಲ.

ಏನೂ ಹೊಳೆಯದ ದಿನ ಊರಿನ ವರ್ಷವನ್ನು ನೆನೆಸಿಕೊಳ್ಳಿ. ಹೋಳಿ ಮುಗಿದ ಮೇಲೆ ಶರಣಬಸವೇಶ್ವರ ಜಾತ್ರೆ. ಆಮೇಲೆ ಬಿಸಿಲು, ನೀರಿನ ಮಾತು. ಜೂನ್‌ನಲ್ಲಿ ಮಳೆ ಬಂತೋ ಇಲ್ಲವೋ, ಬಿತ್ತಿದರೋ ಇಲ್ಲವೋ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ನೆನಪಿಗೆ ಇಲ್ಲಿ ಸೆಪ್ಟೆಂಬರ್ 17ಕ್ಕೆ ಧ್ವಜ ಹಾರಿಸುವುದು ಬೇರೆ ಜಿಲ್ಲೆಯ ಸಹೋದ್ಯೋಗಿಗಳಿಗೆ ಗೊತ್ತೇ ಇರುವುದಿಲ್ಲ. ಅದನ್ನು ಅವರಿಗೆ ವಿವರಿಸಿದ ಕತೆ ದೂರದಲ್ಲಿರುವ ಪ್ರತಿಯೊಬ್ಬರ ಬಳಿಯೂ ಇದೆ. ಹೊಲಕ್ಕೆ ಹೋಗಿ ಪೂಜೆ ಮಾಡಿ ಉಣ್ಣುವ ಎಳ್ಳಮಾವಾಸ್ಯೆ ಹತ್ತಿರ ಬಂದರಂತೂ ಯಾರೂ ಶುರು ಮಾಡಬೇಕಾಗಿಲ್ಲ. ಯಾರ ಹೊಲ, ಯಾರ ಮನೆಯ ಕಾಳು-ತರಕಾರಿ ಭಜ್ಜಿ, ಸಜ್ಜಿ ರೊಟ್ಟಿ ಎಷ್ಟು ಅಂತ ವಾರಕ್ಕೆ ಮೊದಲೇ ಗುಂಪು ಕುದಿಯುತ್ತಿರುತ್ತದೆ.

ಉತ್ತರ ಕೊಡುವುದು ಶುರು ಮಾಡುವುದಕ್ಕಿಂತ ಮುಖ್ಯ

ಇದನ್ನು ನಾವು ತಪ್ಪು ಮಾಡಿ ಕಲಿತೆವು. ಒಂದು ರಾತ್ರಿ ಕ್ರಿಕೆಟ್ ಮ್ಯಾಚ್ ನಡೆಯುತ್ತಿತ್ತು. ಎಲ್ಲರೂ ಬಾಲಿಗೊಂದು ಮಾತು ಹಾಕುತ್ತಿದ್ದೆವು. ನಡುವೆ ಹೈದರಾಬಾದ್ ಗೆಳೆಯ ಒಂದು ಸಾಲು ಬರೆದ: "ಇವತ್ತ ಕೆಲಸ ಬಿಟ್ಟ ನಾ." ಅದರ ಕೆಳಗೆ "ಸಿಕ್ಸ್!" ಅಂತ ಬಂತು. ಆಮೇಲೆ ಇನ್ನೂ ನಲವತ್ತು ಮೆಸೇಜ್. ಯಾರೂ ಬೇಕೆಂದು ಮಾಡಲಿಲ್ಲ, ಕಣ್ಣಿಗೆ ಬೀಳಲಿಲ್ಲ ಅಷ್ಟೇ. ಅವನು ನಾಲ್ಕು ತಿಂಗಳು ಒಂದಕ್ಷರ ಬರೆಯಲಿಲ್ಲ. ನನಗೆ ಅದು ಗೊತ್ತಾದದ್ದು ಹಳೆಯ ಫೋಟೊ ಹುಡುಕುತ್ತ ಮೇಲೆ ಹೋದಾಗ. ಆ ಸಾಲು ಅಲ್ಲೇ ಇತ್ತು, ಒಂಟಿಯಾಗಿ. ಅವತ್ತೇ ಫೋನ್ ಮಾಡಿದೆ. ಅವನು ಬೈಯಲಿಲ್ಲ. "ಇರ್ಲಿ ಬಿಡು, ಮ್ಯಾಚ್ ಇತ್ತಲ್ಲ" ಅಂದ. ಬೈದಿದ್ದರೆ ಚೆನ್ನಾಗಿತ್ತು.

ಅವತ್ತಿನಿಂದ ನಾವು ಒಂದು ರೂಢಿ ಮಾಡಿಕೊಂಡಿದ್ದೇವೆ. ರಾತ್ರಿ ಮಲಗುವ ಮೊದಲು ಯಾರಾದರೂ ಒಬ್ಬರು ಆ ದಿನದ ಮಾತನ್ನು ಮೇಲಿಂದ ಒಮ್ಮೆ ನೋಡುತ್ತಾರೆ. ಉತ್ತರ ಬರದ ಸಾಲು ಇದ್ದರೆ ಅದನ್ನು ಬಲಕ್ಕೆ ಎಳೆದು, ಆ ಸಾಲಿಗೇ ಅಂಟಿದ ಹಾಗೆ ಉತ್ತರ ಬರೆಯುತ್ತಾರೆ. ಹಾಗೆ ಮಾಡಿದರೆ ಯಾವ ಮಾತಿಗೆ ಯಾವ ಉತ್ತರ ಅನ್ನುವುದು ಗೊಂದಲ ಆಗುವುದಿಲ್ಲ, ಬರೆದವರಿಗೂ ಸೂಚನೆ ಹೋಗುತ್ತದೆ. ಐದು ನಿಮಿಷದ ಕೆಲಸ.

ಹೆಬ್ಬೆರಳಿನ ಚಿಹ್ನೆ ಹಾಕಿದರೆ ಸಾಲದೇ ಅಂತ ಕೇಳುತ್ತಾರೆ. "ಆರು ಗಂಟೆಗೆ ಬರ್ತೀನಿ" ಅನ್ನುವುದಕ್ಕೆ ಸಾಕು. "ಅಪ್ಪನ ಆಪರೇಷನ್ ನಾಳೆ" ಅನ್ನುವುದಕ್ಕೆ ಸಾಲದು. ಅಲ್ಲಿ ಬರೆಯಿರಿ. ಏನು ಬರೆಯಬೇಕು ಅಂತ ತೋಚದಿದ್ದರೆ, "ಎಷ್ಟ್ ಗಂಟೆಕ್ಕ? ಯಾರ್ ಅದಾರ ನಿನ್ ಜೋಡಿ?" ಅಂತ ಕೇಳಿದರೂ ಆಯಿತು.

ಧ್ವನಿ ಕಳಿಸಿ

ನಮ್ಮ ಭಾಗದ ಮಾತಿಗೆ ವಾಯ್ಸ್ ಮೆಸೇಜ್ ಹೇಳಿ ಮಾಡಿಸಿದ್ದು. "ಬರ್ಲಕತ್ತೀನಿ" ಅಂತ ಓದುವುದು ಬೇರೆ, ಕೇಳುವುದು ಬೇರೆ. ದಿನವಿಡೀ ಆಫೀಸಿನಲ್ಲಿ ಬೇರೆ ಭಾಷೆ, ಬೇರೆ ಧಾಟಿ ಮಾತಾಡಿ ಬಂದವರಿಗೆ ಊರಿನ ಧಾಟಿ ಕಿವಿಗೆ ಬಿದ್ದರೆ ಎಷ್ಟು ಹಿತ ಅಂತ ದೂರ ಇದ್ದವರೇ ಹೇಳಬೇಕು. ರಿಯಾದ್‌ನ ಗೆಳೆಯ ನನ್ನ ಒಂದು ವಾಯ್ಸ್ ಮೆಸೇಜನ್ನು ಮೂರು ಸಲ ಕೇಳಿದನಂತೆ. ನಾನು ಹೇಳಿದ್ದಕ್ಕಾಗಿ ಅಲ್ಲ. ಹಿಂದೆ ಅವ್ವ ರೊಟ್ಟಿ ಬಡಿಯುವ ಸದ್ದು ಇತ್ತು.

ಮೈಕಿನ ಗುರುತನ್ನು ಒತ್ತಿ ಮೇಲಕ್ಕೆ ಎಳೆದರೆ ಅದು ಬೀಗ ಹಾಕಿಕೊಳ್ಳುತ್ತದೆ, ಬೆರಳು ಒತ್ತಿ ಹಿಡಿಯಬೇಕಾಗಿಲ್ಲ. ಒಂದು ನಿಮಿಷದೊಳಗೆ ಮುಗಿಸಿ. ಜೊತೆಗೆ ಒಂದು ಸಾಲು ಬರೆಯಿರಿ: "ಮದ್ವಿ ಮಾತದ, ಅವಸರ ಇಲ್ಲ, ಮನಿಗಿ ಹೋದ್ಮ್ಯಾಲ ಕೇಳ್ರಿ." ಕೆಲಸದಲ್ಲಿ ಇರುವವರಿಗೆ ಇದರಿಂದ ಉಪಕಾರ.

ಬರೆಯುವುದಾದರೆ ಕನ್ನಡ ಅಕ್ಷರದಲ್ಲಿ ಬರೆಯಲು ಪ್ರಯತ್ನಿಸಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಹಾಲು ಯಾವುದು, ಹಾಳು ಯಾವುದು ಗೊತ್ತಾಗುವುದಿಲ್ಲ. ಕಾಳಿನ ವ್ಯಾಪಾರಿ ಗೆಳೆಯ ಹಾಗೆ ಬರೆದದ್ದನ್ನು ಒಬ್ಬಳು "ಕಾಲು ಹಾಳಾಗಿದೆ" ಅಂತ ಓದಿ ಗಾಬರಿಯಾಗಿದ್ದಳು. ಮಳೆಗೆ ನೆನೆದು ಹಾಳಾದದ್ದು ಕಾಳು. ಜಿಬೋರ್ಡ್ ಕೀಲಿಮಣೆಯ ಸೆಟ್ಟಿಂಗ್ಸ್‌ನಲ್ಲಿ ಭಾಷೆಗಳಿಗೆ ಹೋಗಿ ಕನ್ನಡ ಸೇರಿಸಿ. ಇಂಗ್ಲಿಷ್ ಅಕ್ಷರ ಒತ್ತಿದರೂ ಕನ್ನಡ ಮೂಡುವ ಬಗೆಯೂ ಅಲ್ಲೇ ಇದೆ. ಒಂದು ವಾರ ಕೈ ತಡೆಯುತ್ತದೆ, ಆಮೇಲೆ ಸರಾಗ.

ಆದರೆ ಇದನ್ನು ಯಾರ ಮೇಲೂ ಹೇರಬೇಡಿ. ನಮ್ಮ ರಿಯಾದ್ ಗೆಳೆಯ ಮನೆಯಲ್ಲಿ ದಖ್ಖನಿ, ಅಂದರೆ ನಮ್ಮ ಕಡೆಯ ಉರ್ದು, ಮಾತಾಡಿ ಬೆಳೆದವನು. ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಬರೆಯುವುದು ನಿಧಾನ. ಅವನು ಧ್ವನಿಯಲ್ಲೇ ಹೇಳುತ್ತಾನೆ, ಅರ್ಧ ಕನ್ನಡ, ಅರ್ಧ ದಖ್ಖನಿ. ಎಲ್ಲರಿಗೂ ತಿಳಿಯುತ್ತದೆ. ಕಾಲೇಜಿನಲ್ಲೂ ನಾವು ಹಾಗೇ ಮಾತಾಡುತ್ತಿದ್ದದ್ದಲ್ವಾ?

ಹೊತ್ತು, ಮೌನ, ನೀಲಿ ಗುರುತು

ರಿಯಾದ್ ನಮಗಿಂತ ಎರಡೂವರೆ ಗಂಟೆ ಹಿಂದೆ. ನಮಗೆ ರಾತ್ರಿ ಹನ್ನೊಂದು ಆದಾಗ ಅವನು ಊಟಕ್ಕೆ ಕೂತಿರುತ್ತಾನೆ, ಮಾತಿಗೆ ಹುರುಪು ಬರುವುದೂ ಆಗಲೇ. ಅದಕ್ಕೆ ಎಲ್ಲರೂ ಗುಂಪನ್ನು ಮ್ಯೂಟ್ ಮಾಡಿಟ್ಟಿದ್ದೇವೆ. ಎಂಟು ಗಂಟೆ, ಒಂದು ವಾರ, ಯಾವಾಗಲೂ ಅಂತ ಮೂರು ಆಯ್ಕೆ ಇವೆ. ಮ್ಯೂಟ್ ಮಾಡುವುದು ಗೆಳೆಯರಿಗೆ ಅವಮಾನ ಅಲ್ಲ. ಓದಿದ ನೀಲಿ ಗುರುತು ಬಂದೂ ಉತ್ತರ ಕೊಡದಿದ್ದರೆ ಅದೂ ಅವಮಾನ ಅಲ್ಲ. ಮಗುವಿಗೆ ಊಟ ಮಾಡಿಸುತ್ತ ಓದಿರುತ್ತಾರೆ. "ಓದಿದ್ರೂ ಯಾಕ್ ಸುಮ್ಮ ಅದಿ?" ಅಂತ ಯಾರನ್ನೂ ಎಲ್ಲರ ಎದುರು ಕೇಳಬೇಡಿ.

ಎರಡು ವಾರ ಯಾರಾದರೂ ಪೂರ್ತಿ ಸುಮ್ಮನಾದರೆ ಆಗ ಬೇರೆಯಾಗಿ ಫೋನ್ ಮಾಡಿ. ಗುಂಪಿನಲ್ಲಿ ಹುಡುಕಬೇಡಿ.

ಚೇಷ್ಟೆ, ಜಗಳ, ದುಡ್ಡು

ಕಾಲೇಜಿನ ಅಡ್ಡಹೆಸರು ಈಗಲೂ ಎಲ್ಲರಿಗೂ ಹಿಡಿಸುತ್ತದೆ ಅಂತ ಅಂದುಕೊಳ್ಳಬೇಡಿ. ಒಮ್ಮೆ ಕೇಳಿ. ಬಣ್ಣ, ಮೈ, ಸಂಬಳ, ಮದುವೆ ಆಗದಿರುವುದು, ಮಕ್ಕಳಿಲ್ಲದಿರುವುದು, ಇವುಗಳ ಮೇಲೆ ಚೇಷ್ಟೆ ಬೇಡವೇ ಬೇಡ. ಕಳಿಸಿದ ಮೇಲೆ ಮನಸ್ಸು ಚುಚ್ಚಿದರೆ ಹದಿನೈದು ನಿಮಿಷದೊಳಗೆ ತಿದ್ದಬಹುದು, ಅಳಿಸಲು ಸುಮಾರು ಎರಡು ದಿನ ಇರುತ್ತದೆ. ಅಳಿಸಿದ ಮೇಲೆ "ತಪ್ಪಾತು" ಅಂತ ಬರೆಯುವುದನ್ನು ಮರೆಯಬೇಡಿ. ಬರೀ ಅಳಿಸಿದ ಗುರುತು ಮಾತ್ರ ಉಳಿದರೆ ಓದಿದವರ ಮನಸ್ಸಿನಲ್ಲಿ ಅದು ಹಾಗೇ ಕೊರೆಯುತ್ತದೆ.

ಮಾತು ಬಿಸಿಯಾದರೆ ಟೈಪ್ ಮಾಡುವುದು ಬಿಡಿ, ಕರೆ ಮಾಡಿ. ಬರೆದ ಅಕ್ಷರಕ್ಕೆ ಧಾಟಿ ಇರುವುದಿಲ್ಲ. ಗುಂಪಿನ ಮಾತಿನ ಸ್ಕ್ರೀನ್‌ಶಾಟ್ ಹೊರಗೆ ಹೋಗಬಾರದು, ಗಂಡ ಹೆಂಡತಿಗೂ ತೋರಿಸಬಾರದು ಅಂತ ನಾವು ಒಪ್ಪಿಕೊಂಡಿದ್ದೇವೆ.

ಗೆಳೆಯರ ನಂಬರಿನಿಂದ "ಅರ್ಜೆಂಟ್ ದುಡ್ಡು ಬೇಕು" ಅಂತ ಮೆಸೇಜ್ ಬಂದರೆ ಕಳಿಸುವ ಮೊದಲು ಮಾತಾಡಿ, ಧ್ವನಿ ಕೇಳಿ. ನಿಮ್ಮ ಫೋನಿಗೆ ಬಂದ ಆರು ಅಂಕಿಯ ಕೋಡ್ ಕೇಳಿದರೆ ಯಾರಿಗೂ ಕೊಡಬೇಡಿ. ಮೋಸ ಆಗಿಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕೊನೆಗೆ: ಭೇಟಿಯಾಗಿ

ಭೇಟಿ ಗೊತ್ತುಮಾಡಲು ವಾಟ್ಸಾಪ್‌ನಲ್ಲೇ ಇರುವ ಪೋಲ್ (ಆಯ್ಕೆ ಕೊಟ್ಟು ಮತ ಕೇಳುವುದು) ಬಳಸಿ. "ಯಾವಾಗ ಸಿಗೋಣ?" ಅಂತ ಕೇಳಿದರೆ ಆರು ತಿಂಗಳು ಹೋಗುತ್ತದೆ. ಎರಡೇ ಆಯ್ಕೆ ಕೊಡಿ: ಶನಿವಾರ ಸಂಜೆ, ಭಾನುವಾರ ಮುಂಜಾನೆ. ಗೊತ್ತಾದ ದಿನವನ್ನು ಮೇಲೆ ಪಿನ್ ಮಾಡಿ. 30 ದಿನದವರೆಗೆ ಅದು ಅಲ್ಲೇ ಇರುತ್ತದೆ. ಹನ್ನೊಂದು ಜನರೂ ಬರಲಿ ಅಂತ ಕಾಯಬೇಡಿ. ನಾಲ್ಕು ಜನ ಸಾಕು, ಉಳಿದವರಿಗೆ ವಿಡಿಯೊ ಕರೆ ಮಾಡಿ.

ಹೋದ ಎಳ್ಳಮಾವಾಸ್ಯೆಗೆ ಪುಣೆಯ ಗೆಳೆಯ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದ. ದಾರಿಯುದ್ದಕ್ಕೂ ಗುಂಪಿನಲ್ಲಿ ಬರೆಯುತ್ತಲೇ ಬಂದ. ಸೋಲಾಪುರ ಬಿಟ್ಟಿತು. ದುಧನಿ ದಾಟಿತು. ಗಾಣಗಾಪುರ ರೋಡ್ ಬಂತು. ನಾನು ಸ್ಟೇಷನ್‌ಗೆ ಹೋಗಿ ಕರೆದುಕೊಂಡು ಬಂದೆ. ಅವನು ನಮ್ಮ ಮನೆಗೆ ಬಂದು ಏಳು ವರ್ಷವಾಗಿತ್ತು. ಅಂಗಳದಲ್ಲಿ ಚೀಲ ಇಳಿಸಿ, ನೀರೂ ಕುಡಿಯದೆ, ಕತ್ತೆತ್ತಿ ಮಾಳಿಗೆ ನೋಡಿದ.

"ಏನ್ರಿ ಅವ್ವ, ಟಾಕಿ ಮ್ಯಾಲ ಗೋಣಿಚೀಲ ಇನ್ನಾ ಅದಲ್ರಿ?"

"ಬ್ಯಾಸಗಿ ಬರ್ತದಲ್ಲಪಾ," ಅಂದಳು ಅವ್ವ. "ತೆಗಿಲೇ ಇಲ್ಲ."